ಗಾಜಿನ ಮೇಲೆ ಕೂತ ಡ್ಯಾಶ್‌ಬೋರ್ಡ್

ಬಿಸಿಲಲ್ಲಿ ನಿಂತು ನಿಂತು ಹಳತಾದ ಜೀಪಿನ ಗಾಜನ್ನು ಒಳಗಿನಿಂದ ಬೆರಳಲ್ಲಿ ಒರೆಸಿ ನೋಡಿ. ಬೆರಳಿಗೆ ಜಿಡ್ಡು ಅಂಟುತ್ತದೆ. ಬರೀ ಧೂಳು ಹೀಗೆ ಅಂಟುವುದಿಲ್ಲ ಅಲ್ವಾ? ಆ ಜಿಡ್ಡಿನಲ್ಲಿ ಒಂದು ಪಾಲು ಡ್ಯಾಶ್‌ಬೋರ್ಡಿನದ್ದೇ.

ಲ್ಯಾಂಡ್ ರೋವರ್‌ನ ಮೊದಲ ಮಾದರಿಗಳಲ್ಲಿ ಮೀಟರುಗಳು ನಟ್ಟನಡುವೆ, ತಗಡಿನ ಪ್ಯಾನೆಲ್ ಮೇಲಿದ್ದವು. 1971ರ ಸೀರೀಸ್ 3ರಲ್ಲಿ ಅವು ಡ್ರೈವರ್ ಎದುರಿಗೆ ಬಂದವು. ಜೊತೆಗೆ ಮೆತ್ತನೆಯ ಡ್ಯಾಶ್‌ಬೋರ್ಡೂ ಬಂತು. ತಗಡಿಗೆ ತುಕ್ಕು ಹಿಡಿದರೆ ಉಜ್ಜಿ ಬಣ್ಣ ಹೊಡೆದರಾಯಿತು. ಮೆತ್ತನೆಯದರ ಕಾಯಿಲೆಯೇ ಬೇರೆ. ಅದರ ಮೇಲಿನ ಹೊದಿಕೆ ಪಿವಿಸಿ ಎಂಬ ಪ್ಲಾಸ್ಟಿಕ್, ಒಳಗೆ ಫೋಮ್.

ಪಿವಿಸಿ ಹುಟ್ಟಿನಿಂದಲೇ ಗಟ್ಟಿ, ನೀರಿನ ಪೈಪ್ ಮುಟ್ಟಿದವರಿಗೆಲ್ಲ ಗೊತ್ತು. ಅದು ರೆಕ್ಸಿನ್ ಥರ ಬಾಗಬೇಕಾದರೆ ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಬೇಕು. ಅದರ ಅಣುಗಳು ಪಿವಿಸಿಯ ಉದ್ದುದ್ದ ಸರಪಳಿಗಳ ನಡುವೆ ತೂರಿಕೊಂಡು, ಅವು ಒಂದರ ಪಕ್ಕ ಒಂದು ಜಾರಾಡಲು ಜಾಗ ಮಾಡಿಕೊಡುತ್ತವೆ. ಆದರೆ ಸರಪಳಿಗೆ ಕಟ್ಟಿಕೊಂಡಿರುವುದಿಲ್ಲ, ಸುಮ್ನೆ ಬಾಡಿಗೆಗೆ ಇದ್ದ ಹಾಗೆ. ಸೆಕೆ ಹೆಚ್ಚಾದರೆ ಮನೆ ಖಾಲಿ ಮಾಡುತ್ತವೆ. ಅರಿಜೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೇ ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹೀಗೆ ಆವಿಯಾಗಿ ಎದ್ದ ಎಣ್ಣೆ ತಣ್ಣಗಿನ ಗಾಜಿನ ಮೇಲೆ ಹೋಗಿ ಕೂರುತ್ತದೆ. ಇತ್ತ ಹೊದಿಕೆ ಕುಗ್ಗಿ, ಪೆಡಸಾಗಿ, ಒಂದು ದಿನ ಬಿರಿಯುತ್ತದೆ. ಬಿರುಕಿನಲ್ಲಿ ಬೆರಳಿಟ್ಟರೆ ಒಳಗಿನ ಫೋಮ್ ಹಳದಿ ಪುಡಿಯಾಗಿ ಉದುರುತ್ತದೆ.

ಪಾಲಿಶ್ ಹಚ್ಚಿದರೆ ಹೊಳಪು ಬರುತ್ತದೆ, ಹೋದ ಮೆದುತನ ಬರುವುದಿಲ್ಲ. ಬಿರುಕಿಗೆ ಗಟ್ಟಿ ಪುಟ್ಟಿ ಮೆತ್ತುವುದೂ ದಂಡ. ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗುವ ಹೊದಿಕೆಯ ಜೊತೆ ಪುಟ್ಟಿ ಆಡುವುದಿಲ್ಲ, ಅಂಚಿನಲ್ಲೇ ಮತ್ತೆ ಬಾಯಿ ಬಿಡುತ್ತದೆ. ಬಾಗುವಂಥ ಫಿಲ್ಲರೇ ಬೇಕು. ಫೋಮ್ ಪುಡಿಯಾಗಿದ್ದರೆ ಎಲ್ಲ ಕಿತ್ತು ಹೊಸದಾಗಿ ಹೊದಿಸುವುದೇ ಸರಿ.

ಮೀಟರುಗಳ ವಿಷಯದಲ್ಲಿ ಮಾತ್ರ ಕೀಳುವ ಅವಸರ ಬೇಡ. ಸೀರೀಸ್ 3ರ ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರಿನೊಳಗೆ ಎರಡು ಲೋಹ ಬೆಸೆದ ಪಟ್ಟಿಯಿದೆ. ಕರೆಂಟು ಹರಿದಂತೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳು ನಿಧಾನಕ್ಕೆ ಏಳುತ್ತದೆ. ಎರಡಕ್ಕೂ ಸುಮಾರು 10 ವೋಲ್ಟ್ ಹಂಚುವುದು ಒಂದೇ ಪುಟ್ಟ ಸ್ಟೆಬಿಲೈಜರ್. ಎರಡೂ ಮುಳ್ಳು ಒಟ್ಟಿಗೆ ಜಾಸ್ತಿ ತೋರಿಸಿದರೆ ಟ್ಯಾಂಕ್ ತುಂಬಿಲ್ಲ, ಎಂಜಿನ್ ಕುದಿಯುತ್ತಲೂ ಇಲ್ಲ. ಮೊದಲು ಸ್ಟೆಬಿಲೈಜರಿನ ಅರ್ಥ್, ಅಂದರೆ ಅದು ಗಾಡಿಯ ಲೋಹಕ್ಕೆ ತಾಗುವ ಜಾಗ, ಉಜ್ಜಿ ನೋಡಿ.

ಎರಡನೇ ಮಹಾಯುದ್ಧದ ಮಿಲಿಟರಿ ಜೀಪಾದರೆ ಇನ್ನೂ ಹುಷಾರು. ಕತ್ತಲಲ್ಲಿ ಕಾಣಲೆಂದು ಕೆಲವು ಮೀಟರುಗಳ ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬೆರೆತ ಬಣ್ಣ ಬಳಿದಿದ್ದರು. ಈಗ ಅದು ಹೊಳೆಯದಿರಬಹುದು. ಸವೆದಿರುವುದು ಬೆಳಕು ಕೊಡುತ್ತಿದ್ದ ಜಿಂಕ್ ಸಲ್ಫೈಡ್, ರೇಡಿಯಂ ಅಲ್ಲ. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಅಂಥ ಮೀಟರಿನ ಗಾಜು ಬಿಚ್ಚಬೇಡಿ, ಬಣ್ಣವನ್ನಂತೂ ಕೆರೆಯಲೇಬೇಡಿ.