ಓದುಗರ ಪ್ರಶ್ನೆ: ‘ಬಿಸ್ಟ್ರೋದವರು ಪಾಸ್ತಾ ಬೇಯಿಸೋದೇ ಇಲ್ವಾ?’

ಪ್ರಶ್ನೆ: ನಮ್ಮ ಹತ್ತಿರದ ಪೇಟೆಯಲ್ಲಿ ಫ್ರೆಂಚ್-ಇಟಾಲಿಯನ್ ಬಿಸ್ಟ್ರೋ ಶುರುವಾಗಿದೆ. ತಂಗಿಯ ಮನೆಯವರು ಹೋಗಿ ಬಂದು ಗಮ್ಮತ್ತುಂಟು ಅಂದರು. ಅದನ್ನು ನಂಬಿ ನಾವೂ ಹೋದೆವು. ಪಾಸ್ತಾ ಬೆಂದಿರಲಿಲ್ಲ. ಬ್ರೆಡ್ಡು ರಬ್ಬರಿನ ಹಾಗಿತ್ತು. ಮುಕ್ಕಾಲು ಗಂಟೆ ಕಾಯಿಸಿದರು ಬೇರೆ. ಒಂದೇ ಹೋಟೆಲಿನ ಬಗ್ಗೆ ಇಷ್ಟು ವ್ಯತ್ಯಾಸ ಯಾಕೆ? ಯಾರ ಮಾತು ನಂಬುವುದು?

ಉತ್ತರ: ಓಣಂ ಕಳೆದ ಮೇಲೆ ಈ ಪ್ರಶ್ನೆ ನನಗೆ ಬಂದದ್ದು ಇದು ಹನ್ನೊಂದನೇ ಸಲ. ಕುಂಬಳೆಯಿಂದ ಬಂತು, ಬದಿಯಡ್ಕದಿಂದ ಬಂತು, ಕಾಞಂಗಾಡಿನಿಂದ ಒಬ್ಬರು ಟೀಚರು ಎರಡು ಸಲ ಕೇಳಿದರು. ಹತ್ತು ಸಲ ಫೋನಿನಲ್ಲಿ ಹೇಳಿ ಗಂಟಲು ಒಣಗಿದೆ. ಈಗ ಬರೆದೇ ಬಿಡ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ತೋರಿಸುವುದು.

ನಿಮ್ಮ ತಂಗಿ ಸುಳ್ಳು ಹೇಳಿಲ್ಲ. ನೀವೂ ಹೇಳುತ್ತಿಲ್ಲ. ಅವರು ಹೋದದ್ದು ಬುಧವಾರ ಸಂಜೆ ಇರಬೇಕು, ನೀವು ಹೋದದ್ದು ಭಾನುವಾರ ರಾತ್ರಿ. ಹೌದಲ್ವಾ? ಇಂಥ ಸಣ್ಣ ಜಾಗದಲ್ಲಿ ಎಂಟು ಟೇಬಲ್, ನಾಲ್ಕು ಒಲೆ, ಒಬ್ಬ ಅಡುಗೆಯವ, ಒಬ್ಬ ಸಹಾಯಕ್ಕೆ ಹುಡುಗ. ನೆಲದ ಗುಂಡಿಯಲ್ಲಿ ಬೇಯಿಸುವ ಕುಳಿಮಂದಿ ಅನ್ನದ ಹಾಗೆ ಒಂದೇ ಸಲ ನೂರು ಜನರಿಗೆ ಬೇಯಿಸಿಟ್ಟು ಬಡಿಸುವ ಅಡುಗೆ ಅಲ್ಲ ಇದು. ಒಂದೊಂದು ತಟ್ಟೆಗೂ ಬೇರೆ ಬಾಣಲೆ, ಬೇರೆ ಸಾಸು. ಗಲ್ಫಿನಿಂದ ರಜೆಗೆ ಬಂದವರ ಎರಡು ಕುಟುಂಬ ಒಟ್ಟಿಗೆ ಒಳಗೆ ಬಂದರೆ ಸಾಕು, ಹಿಂದೆ ಅಡುಗೆಮನೆಯಲ್ಲಿ ಅವನ ಬೆವರು ಇಳಿಯುತ್ತದೆ. ನಾನು ಹೋಟೆಲ್ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವ, ಅದರಲ್ಲಿ ಹದಿನಾಲ್ಕು ದುಬೈಯಲ್ಲಿ. ಆ ಬೆವರಿನ ಪರಿಚಯ ಚೆನ್ನಾಗಿ ಉಂಟು.

‘ಬಿಸ್ಟ್ರೋ ಅಂದರೇ ಬೇಗ ಅಂತ ಅರ್ಥ, ಮತ್ತೆ ಯಾಕೆ ತಡ?’ ಅಂತಲೂ ಒಬ್ಬರು ಕೇಳಿದ್ದರು. 1814ರಲ್ಲಿ ಪ್ಯಾರಿಸ್ಸಿಗೆ ನುಗ್ಗಿದ ರಷ್ಯದ ಸೈನಿಕರು ಹೋಟೆಲಿನಲ್ಲಿ ಕೂತು ‘ಬೀಸ್ತ್ರ, ಬೀಸ್ತ್ರ’, ಅಂದರೆ ಬೇಗ ಬೇಗ, ಅಂತ ಕೂಗಿದರಂತೆ, ಅದರಿಂದ ಈ ಹೆಸರಂತೆ. ಮೊಂಮಾರ್ತ್ರ್ ಗುಡ್ಡದ ಒಂದು ಹೋಟೆಲಿನ ಗೋಡೆಯಲ್ಲಿ ಹಾಗಂತ ಫಲಕವನ್ನೇ ಹಾಕಿದ್ದಾರೆ. ಆದರೆ ಆ ಪದ ಫ್ರೆಂಚ್ ಬರಹದಲ್ಲಿ ಮೊದಲು ಸಿಗುವುದು 1880ರ ದಶಕದಲ್ಲಿ. ಸೈನಿಕರು ಕೂಗಿದ್ದು ಎಪ್ಪತ್ತು ವರ್ಷ ಯಾರ ಬಾಯಲ್ಲಿ ಅಡಗಿ ಕೂತಿತ್ತು? ಫಲಕ ನೋಡಿ ಫೋಟೋ ತೆಗೆಯಿರಿ, ನಂಬಬೇಡಿ. ಬಿಸ್ಟ್ರೋ ಅಂದರೆ ಮನೆ ಅಡುಗೆ ಮಾಡುವ ಸಣ್ಣ ಹೋಟೆಲ್, ಅಷ್ಟೇ.

ಈಗ ಪಾಸ್ತಾಕ್ಕೆ ಬರೋಣ. ನಿಜವಾದ ಜಗಳ ಇರುವುದು ಇಲ್ಲಿ.

‘ಬೆಂದಿರಲಿಲ್ಲ’ ಅಂತೀರಿ. ಹನ್ನೊಂದರಲ್ಲಿ ಒಂಬತ್ತು ಜನ ಹೀಗೇ ಹೇಳಿದ್ದಾರೆ. ಇದರಲ್ಲಿ ಇಬ್ಬರು ‘ಗ್ಯಾಸ್ ಉಳಿಸಲಿಕ್ಕೆ ಹಾಗೆ ಮಾಡ್ತಾರೆ’ ಅಂತ ಕಾರಣವನ್ನೂ ಕೊಟ್ಟರು. ಒಬ್ಬರು ‘ಹಸಿ ಹಿಟ್ಟು ಹೊಟ್ಟೆಗೆ ಹೋಗಿ ರಾತ್ರಿ ಇಡೀ ನಿದ್ದೆ ಇಲ್ಲ’ ಅಂದರು. ನಿದ್ದೆ ಬಾರದ್ದಕ್ಕೆ ಅದರ ಮೇಲೆ ಕುಡಿದ ಕಾಫಿ ಕಾರಣ ಇರಬಹುದಲ್ವಾ ಮಾರಾಯ್ರೇ?

ಒಂದು ಮಾತು ಕೇಳ್ತೇನೆ. ಬೆಂಗಳೂರಿನ ನೆಂಟರು ನಿಮ್ಮ ಮನೆಗೆ ಬರುತ್ತಾರೆ. ನೀವು ಒಳ್ಳೆ ಕುಚ್ಚಲಕ್ಕಿ ಅನ್ನ ಬಡಿಸುತ್ತೀರಿ. ಅವರು ಎರಡು ತುತ್ತು ಅಗಿದು, ಮುಖ ನೋಡಿಕೊಂಡು, ‘ಇದು ಇನ್ನೂ ಸ್ವಲ್ಪ ಬೇಯಬೇಕಿತ್ತಲ್ವಾ?’ ಅನ್ನುತ್ತಾರೆ. ಆಗ ನಿಮಗೆ ಏನನ್ನಿಸುತ್ತದೆ? ‘ಪಾಪ, ಇವರಿಗೆ ಅನ್ನ ಅಂದರೆ ಏನು ಅಂತ ಗೊತ್ತಿಲ್ಲ’ ಅಂತ ಮನಸ್ಸಿನಲ್ಲೇ ನಗುತ್ತೀರಿ. ಅವರು ಹೋದ ಮೇಲೆ ಬಾಯಿಬಿಟ್ಟೇ ನಗುತ್ತೀರಿ. ಬೆಳ್ತಿಗೆ ಅನ್ನ ಬಾಯಲ್ಲಿ ಹತ್ತಿಯ ಹಾಗೆ, ಒಂದು ಗಂಟೆಯಲ್ಲಿ ಮತ್ತೆ ಹಸಿವು ಅಂತ ಹೇಳುವುದು ನೀವೇ. ಅಗಿಯಬೇಕಾದ ಅನ್ನವೇ ಅನ್ನ ಅಂತ ಇಡೀ ಜನ್ಮ ವಾದಿಸಿದ ಕಾಸರಗೋಡಿನವರು, ಪಾಸ್ತಾ ಅಗಿಯಬೇಕಾಗಿ ಬಂದರೆ ಹಸಿ ಅಂತೀರಿ. ಇಟಲಿಯವರ ಎದುರು ನೀವು ಆ ಬೆಂಗಳೂರಿನ ನೆಂಟರೇ ಆದಿರಿ.

ಎರಡರ ಒಳಗಿನ ಕತೆಯೂ ಸ್ವಲ್ಪ ಹಾಗೇ. ಕುಚ್ಚಲಕ್ಕಿ ಗಟ್ಟಿ ಯಾಕೆ? ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಕಾಳಿನ ಒಳಗಿನ ಪಿಷ್ಟ ಅಲ್ಲಿಯೇ ಒಮ್ಮೆ ಬೆಂದು, ಅಂಟಾಗಿ, ಒಣಗುವಾಗ ಬಿಗಿದು ಕೂರುತ್ತದೆ. ಹಾಗಾಗಿ ಮತ್ತೆ ಎಷ್ಟು ಹೊತ್ತು ಕುದಿಸಿದರೂ ಅಗಳು ಬೇಗ ಒಡೆಯುವುದಿಲ್ಲ. ಪಾಸ್ತಾದಲ್ಲಿ ಈ ಬಿಗಿಯುವ ಕೆಲಸ ಮಾಡುವುದು ಗೋಧಿಯ ಅಂಟು, ಅಂದರೆ ಗ್ಲುಟೆನ್ ಅನ್ನುವ ಪ್ರೋಟೀನ್. ಒಳ್ಳೆ ಒಣ ಪಾಸ್ತಾಕ್ಕೆ ಬಳಸುವುದು ಡ್ಯೂರಂ ಅನ್ನುವ ಗಟ್ಟಿ ಗೋಧಿಯ ರವೆ. ಇಟಲಿಯಲ್ಲಿ ಇದಕ್ಕೆ 1967ರಲ್ಲಿ ಕಾನೂನನ್ನೇ ಮಾಡಿದರು, ಅಲ್ಲಿನ ಒಣ ಪಾಸ್ತಾ ಡ್ಯೂರಂ ಗೋಧಿಯದ್ದೇ ಆಗಿರಬೇಕು ಅಂತ. ಆ ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ. ನಾದಿ ಒತ್ತಿ ಒಣಗಿಸಿದಾಗ ಅದು ಬಲೆಯ ಹಾಗೆ ಪಿಷ್ಟವನ್ನು ಹಿಡಿದುಕೊಳ್ಳುತ್ತದೆ. ಹದವಾಗಿ ಬೇಯಿಸಿದರೆ ಬಲೆ ಗಟ್ಟಿ ಇರುತ್ತದೆ, ಕಚ್ಚಿದಾಗ ಹಲ್ಲಿಗೆ ಸಣ್ಣ ತಡೆ ಸಿಗುತ್ತದೆ. ಇಟಲಿಯವರು ಅದಕ್ಕೇ ‘ಅಲ್ ದೆಂತೆ’ ಅನ್ನುವುದು, ಹಲ್ಲಿಗೆ ಸಿಗುವ ಹಾಗೆ ಅಂತ. ಇನ್ನೂ ಐದು ನಿಮಿಷ ಕುದಿಸಿ ನೋಡಿ. ಬಲೆ ಸಡಿಲವಾಗಿ ಪಿಷ್ಟ ಹೊರಗೆ ಬಂದು ಎಲ್ಲಾ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ನಿಮ್ಮ ಮಕ್ಕಳಿಗೆ ಕುಕ್ಕರಿನಲ್ಲಿ ಎರಡು ವಿಸಿಲ್ ಹೊಡೆಸಿ ಕೊಡುತ್ತೀರಲ್ಲ, ಅದು.

ಹೊಟ್ಟೆನೋವಿನ ಮಾತೂ ಸುಳ್ಳೇ. ಹೀಗೆ ಸ್ವಲ್ಪ ಗಟ್ಟಿ ಇರುವ ಪಾಸ್ತಾ ನಿಧಾನವಾಗಿ ಜೀರ್ಣವಾಗುತ್ತದೆ, ರಕ್ತದ ಸಕ್ಕರೆ ಕೂಡ ಮುದ್ದೆ ಪಾಸ್ತಾ ತಿಂದಷ್ಟು ಬೇಗ ಏರುವುದಿಲ್ಲ. ಶುಗರ್ ಇರುವ ನಮ್ಮ ಮಾವಂದಿರು ಇದನ್ನು ಓದಿ ಎರಡು ತಟ್ಟೆ ತರಿಸಬಾರದು ಮತ್ತೆ.

ಹಾಗಾದರೆ ನಿಜವಾಗಿ ಬೇಯದ ಪಾಸ್ತಾ ಇಲ್ವೇ ಇಲ್ವಾ? ಧಾರಾಳ ಉಂಟು. ಪತ್ತೆ ಮಾಡುವುದು ಸುಲಭ. ಒಂದು ತುಂಡನ್ನು ಅರ್ಧಕ್ಕೆ ಕಚ್ಚಿ, ಕಚ್ಚಿದ ಜಾಗ ನೋಡಿ. ನಡುವಿನಲ್ಲಿ ಸೂಜಿಯ ಮೊನೆಯಷ್ಟು ಬಿಳಿ ಚುಕ್ಕೆ ಇದ್ದರೆ ಹದ ಸರಿ ಇದೆ. ಆ ಚುಕ್ಕೆಗೆ ಇಟಲಿಯವರು ‘ಆನಿಮಾ’ ಅನ್ನುತ್ತಾರೆ, ಆತ್ಮ ಅಂತ. ಚುಕ್ಕೆಯ ಬದಲು ದೊಡ್ಡ ಬಿಳಿ ವೃತ್ತವೇ ಕಂಡರೆ, ಅಗಿಯುವಾಗ ಸೀಮೆಸುಣ್ಣದ ಹಾಗೆ ಹಲ್ಲಿಗೆ ಮೆತ್ತಿದರೆ, ಅದು ಹಸಿ. ತಟ್ಟೆ ವಾಪಸ್ ಕಳಿಸಿ. ನಾಚಿಕೆ ಬೇಡ. ನಾನೇ ಕಳಿಸಿದ್ದೇನೆ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ನಡೆಯುತ್ತದೆ, ಅದನ್ನು ಯಾರೂ ದೂರುವುದಿಲ್ಲ. ರಶ್ಶಿನ ದಿನ ಬೆಳಗ್ಗೆಯೇ ಪಾಸ್ತಾವನ್ನು ಮುಕ್ಕಾಲು ಬೇಯಿಸಿ, ಎಣ್ಣೆ ಸವರಿ ಫ್ರಿಜ್ಜಿನಲ್ಲಿ ಇಟ್ಟಿರುತ್ತಾರೆ. ಆರ್ಡರ್ ಬಂದ ಮೇಲೆ ಬಿಸಿನೀರಿಗೆ ಅದ್ದಿ ಸಾಸಿಗೆ ಹಾಕುವುದು. ಇದು ಮೋಸ ಏನಲ್ಲ, ದೊಡ್ಡ ದೊಡ್ಡ ಕಡೆಯೂ ಮಾಡುತ್ತಾರೆ. ಆದರೆ ಅದ್ದುವುದು ಒಂದು ನಿಮಿಷ ಜಾಸ್ತಿಯಾದರೆ ಹೊರಗೆ ಲೋಳೆ, ಕಡಿಮೆಯಾದರೆ ಒಳಗೆ ತಣ್ಣಗೆ. ನಿಮ್ಮ ಭಾನುವಾರಕ್ಕೂ ತಂಗಿಯ ಬುಧವಾರಕ್ಕೂ ಇರುವ ವ್ಯತ್ಯಾಸದಲ್ಲಿ ಅರ್ಧ ಇದೇ ಇರಬೇಕು. ಮೈದಾದ ಅಗ್ಗದ ಪಾಸ್ತಾ ತಂದಿದ್ದರಂತೂ ಹದ ನಿಲ್ಲುವುದೇ ಇಲ್ಲ. ಈಗ ಹಸಿ, ಎರಡು ನಿಮಿಷ ಬಿಟ್ಟು ಮುದ್ದೆ.

ಮನೆಯಲ್ಲಿ ಮಾಡುವವರಿಗೆ ಲೆಕ್ಕ ಹೇಳಿಬಿಡ್ತೇನೆ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನೀರಿಗೆ ಎಣ್ಣೆ ಹಾಕಬೇಡಿ. ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ? ಎಣ್ಣೆ ನೀರಿನ ಮೇಲೆ ತೇಲುತ್ತದೆ, ಪಾಸ್ತಾ ಕೆಳಗೆ ಮುಳುಗಿರುತ್ತದೆ, ಎರಡಕ್ಕೂ ಭೇಟಿಯೇ ಇಲ್ಲ. ಬಸಿಯುವಾಗ ಮಾತ್ರ ಆ ಎಣ್ಣೆ ಪಾಸ್ತಾಕ್ಕೆ ಮೆತ್ತಿ, ಸಾಸು ಹಿಡಿಯದೆ ಜಾರಿ ಹೋಗುತ್ತದೆ. ಅಂಟಬಾರದು ಅಂದರೆ ಮೊದಲ ಎರಡು ನಿಮಿಷ ಸೌಟು ಆಡಿಸಿ. ಬಸಿದ ನೀರನ್ನು ಚೆಲ್ಲಬೇಡಿ. ಅದು ನಮ್ಮ ಗಂಜಿ ತಿಳಿಯ ಹಾಗೆ, ಅರ್ಧ ಸೌಟು ಸಾಸಿಗೆ ಹಾಕಿದರೆ ಬೆಣ್ಣೆಯೂ ಚೀಸೂ ಒಡೆಯದೆ ಒಂದಾಗುತ್ತವೆ. ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿದು ಬೆಳೆದವರಿಗೆ ನಾನು ಇದನ್ನು ಕಲಿಸಬೇಕಾಗಿ ಬಂತಲ್ಲ!

ಬ್ರೆಡ್ಡಿನ ವಿಷಯದಲ್ಲಿ ನಿಮ್ಮ ಮಾತು ಸರಿ, ಅವರದ್ದು ತಪ್ಪು. ಬಗೆಟ್ ಅನ್ನುವ ಫ್ರೆಂಚರ ಉದ್ದ ಬ್ರೆಡ್ಡು ಅಂದರೆ ಹೊರಗೆ ಕರಕರ, ಒಳಗೆ ಮೆತ್ತಗೆ. ಫ್ರಾನ್ಸಿನಲ್ಲಿ ‘ಸಾಂಪ್ರದಾಯಿಕ ಬಗೆಟ್’ ಅಂತ ಹೇಳಿ ಮಾರಬೇಕಾದರೆ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟರಲ್ಲೇ ಮಾಡಬೇಕು, ಫ್ರೀಜ್ ಮಾಡಬಾರದು ಅಂತ 1993ರಿಂದ ನಿಯಮ ಇದೆ. ನಮ್ಮಲ್ಲಿ ನಿಯಮಕ್ಕಿಂತ ದೊಡ್ಡ ಶತ್ರು ಗಾಳಿ. ಮಳೆಗಾಲದ ಆಟಿ ತಿಂಗಳಲ್ಲಿ ಹಲಸಿನ ಹಪ್ಪಳ ಕರಿದು ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಏನಾಗುತ್ತದೆ? ಬಗೆಟ್ಟಿಗೂ ಅದೇ ಗತಿ. ಬೆಳಗ್ಗೆ ಸುಟ್ಟದ್ದು ಸಂಜೆಗೆ ರಬ್ಬರು. ಕೊಡುವ ಮೊದಲು ಐದು ನಿಮಿಷ ಓವನಿನಲ್ಲಿ ಬಿಸಿ ಮಾಡಿದರೆ ಮುಗಿಯಿತು, ಅಷ್ಟು ಮಾಡದ್ದು ಸೋಮಾರಿತನ. ಆದರೆ ಸಿಪ್ಪೆ ಗಟ್ಟಿ, ವಸಡಿಗೆ ತಾಗುತ್ತದೆ ಅಂತ ದೂರುವವರಿಗೆ ನನ್ನಲ್ಲಿ ಉತ್ತರ ಇಲ್ಲ. ಅವರು ಬನ್ ತಿನ್ನಲಿ.

‘ಕೊಟ್ಟದ್ದು ಎರಡು ಚಮಚ, ತೆಗೆದುಕೊಂಡದ್ದು ಮುನ್ನೂರೈವತ್ತು’ ಅಂತ ಗೊಣಗಿದವರಿಗೂ ಒಂದು ಮಾತು. ಇಟಲಿಯಲ್ಲಿ ಪಾಸ್ತಾ ಮೊದಲ ಸುತ್ತು, ಒಬ್ಬರಿಗೆ 80ರಿಂದ 100 ಗ್ರಾಂ. ಅದಾದ ಮೇಲೆ ಮೀನೋ ಮಾಂಸವೋ ಬರುತ್ತದೆ. ನಾವು ಮೊದಲ ಸುತ್ತಿಗೇ ಬಿಲ್ ಕೇಳಿ, ದಾರಿಯಲ್ಲಿ ಪೊರೋಟ ತಿಂದು ಮನೆಗೆ ಬರುತ್ತೇವೆ. ಬೆಲೆ ಜಾಸ್ತಿ ಅನ್ನುವುದು ಮಾತ್ರ ನಿಜ, ಅದಕ್ಕೆ ನಾನು ವಕಾಲತ್ತು ಮಾಡಲಾರೆ.

ಇಷ್ಟೆಲ್ಲ ಕೇಳಿದವರಲ್ಲಿ ಕಡಿಮೆ ಅಂದರೆ ಐದು ಜನ ಶುದ್ಧ ಸಸ್ಯಾಹಾರಿಗಳು. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗೇ ವಾರ ತಿಥಿ ನೋಡುವವರು. ಅವರು ಪಾಸ್ತಾ ಗಟ್ಟಿ ಅಂತ ಕೇಳಿದರೇ ಹೊರತು ಕೇಳಬೇಕಾದ್ದನ್ನು ಒಬ್ಬರೂ ಕೇಳಲಿಲ್ಲ. ಹಾಗಾಗಿ ನಾನೇ ಹೇಳ್ತೇನೆ.

ಮೇಲೆ ಹಿಮದ ಹಾಗೆ ತುರಿದು ಹಾಕುತ್ತಾರಲ್ಲ, ಆ ಚೀಸ್. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಆದರೆ ಅದರ ಹಾಲನ್ನು ಒಡೆಸಲಿಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಬೇಕು. ಅದು ಅವರ ನಿಯಮದಲ್ಲೇ ಇದೆ, ಬೇರೆ ದಾರಿ ಇಲ್ಲ. ಅಂದರೆ ಚೀಸ್ ಎಷ್ಟು ಅಸಲಿಯೋ ಸಸ್ಯಾಹಾರಿಗೆ ಅಷ್ಟು ದೂರ. ಸೂಕ್ಷ್ಮಜೀವಿಯಿಂದ ತಯಾರಾದ ರೆನೆಟ್ ಹಾಕಿದ ಚೀಸ್ ನಮ್ಮ ದೇಶದಲ್ಲಿ ಸಿಗುತ್ತದೆ, ಪ್ಯಾಕೆಟಿನಲ್ಲಿ ಹಸಿರು ಚುಕ್ಕೆ ಇರುತ್ತದೆ. ಪ್ಯಾಕೆಟ್ ತೋರಿಸಿ ಅಂತ ಕೇಳಿದರೆ ತಪ್ಪಿಲ್ಲ. ತಿರಾಮಿಸು ಅನ್ನುವ ಸಿಹಿಯಲ್ಲಿ ಮೊಟ್ಟೆ ಉಂಟು, ಅದೂ ಹೆಚ್ಚಾಗಿ ಹಸಿ ಮೊಟ್ಟೆ. ಪನ್ನಾ ಕೋಟಾ ಅನ್ನುವ ಕೆನೆಯ ಪುಡ್ಡಿಂಗ್ ನೋಡಲಿಕ್ಕೆ ಹಾಲುಬಾಯಿಯ ಹಾಗೆ ಮುದ್ದಾಗಿರುತ್ತದೆ, ಆದರೆ ಅದನ್ನು ಗಟ್ಟಿ ಮಾಡಿದ್ದು ಜೆಲಾಟಿನ್, ಪ್ರಾಣಿಯ ಚರ್ಮ ಮೂಳೆಗಳದ್ದು. ನಮ್ಮ ಕಡೆ ಪುಡ್ಡಿಂಗಿಗೆ ಹಾಕುವ ಚೈನಾಗ್ರಾಸ್ ಕಡಲ ಪಾಚಿಯದ್ದು, ಅದರಲ್ಲಿ ಮಾಡಿದ್ದಾದರೆ ತೊಂದರೆ ಇಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ಫ್ರೆಂಚರ ಈರುಳ್ಳಿ ಸೂಪು. ಹೆಸರಿನಲ್ಲಿ ಈರುಳ್ಳಿ ಬಿಟ್ಟು ಬೇರೇನೂ ಇಲ್ಲ. ಆದರೆ ಹಳೆ ಕ್ರಮದಲ್ಲಿ ಅದಕ್ಕೆ ಹಾಕುವ ನೀರು ದನದ ಮೂಳೆ ಬೇಯಿಸಿ ತೆಗೆದ ರಸ. ಕೆಲವರು ತರಕಾರಿ ರಸದಲ್ಲಿ ಮಾಡುತ್ತಾರೆ, ಕೆಲವರು ಪೆಟ್ಟಿಗೆಯಲ್ಲಿ ಬರುವ ಚಿಕನ್ ಕ್ಯೂಬ್ ಕರಗಿಸುತ್ತಾರೆ. ಮೆನುವಿನಲ್ಲಿ ಅದನ್ನು ಬರೆದಿರುವುದಿಲ್ಲ.

ಹೋದ ತಿಂಗಳು ಅತ್ತಿಗೆಯನ್ನು ಇಂಥದ್ದೇ ಒಂದು ಕಡೆಗೆ ಕರೆದುಕೊಂಡು ಹೋಗಿದ್ದೆ. ಏಕಾದಶಿಗೆ ನೀರೂ ಕುಡಿಯದ ಹೆಂಗಸು. ಮೆನು ನೋಡಿ ‘ಈರುಳ್ಳಿ ಸೂಪು ಸಾಕು ನನಗೆ’ ಅಂದಳು. ನಾನು ಬಡಿಸುವ ಹುಡುಗನನ್ನು ಕರೆದು, ‘ಸೂಪಿಗೆ ಯಾವ ನೀರು ಹಾಕ್ತೀರಿ ಅಂತ ಒಳಗೆ ಕೇಳಿ ಬಾ ಮಗಾ’ ಅಂದೆ. ಅವನು ಓಡಿ ಹೋಗಿ ಓಡಿ ಬಂದ.

‘ನಮ್ಮ ಬಾವಿದೇ ಸಾರ್. ಫಿಲ್ಟರ್ ಉಂಟು.’