ಐದು ರೂಪಾಯಿ ನಾಣ್ಯಕ್ಕೆ ಐದು ಲಕ್ಷ ಕೇಳುವುದು ಏಕೆ?

ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ ನಿಮ್ಮ ಕೈಗೂ ಬಂದಿರಬಹುದು. ಅಲ್ಲಿನ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆಂದು ಸರ್ಕಾರ 2012ರಲ್ಲಿ ಹೊರಡಿಸಿದ್ದು; ಹತ್ತು ರೂಪಾಯಿಯದೂ ಇದೆ. ಹಳೇ ಸಾಮಾನು ಮಾರುವ ಯಾವುದಾದರೂ ಆ್ಯಪ್‌ನಲ್ಲಿ ಹುಡುಕಿ ನೋಡಿ. ಒಬ್ಬ ಐದು ಲಕ್ಷ ಅನ್ನುತ್ತಾನೆ, ಇನ್ನೊಬ್ಬ ಹತ್ತು ಲಕ್ಷ, ಮತ್ತೊಬ್ಬ ‘ಚೌಕಾಸಿ ಇಲ್ಲ’ ಎಂದು ಬೇರೆ ಬರೆದಿರುತ್ತಾನೆ. ಮುಂಬೈಯ ಮಾತುಂಗದಲ್ಲಿ ನಾನು ಊಟಕ್ಕೆ ಹೋಗುವ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಕುಂದಾಪುರದ ಕಡೆಯ ಹುಡುಗ ಇಂಥದ್ದೊಂದನ್ನು ಪೇಪರಿನಲ್ಲಿ ಸುತ್ತಿ ಬೇರೆ ಇಟ್ಟಿದ್ದಾನೆ. “ಲಕ್ಷಗಟ್ಟಲೆ ಉಂಟಂತೆ ಸರ್, ಮೊಬೈಲಲ್ಲಿ ಅಷ್ಟು ಜನ ಹಾಕಿದ್ದಾರಲ್ಲ!”

ಅಷ್ಟು ಜನ ಹಾಕಿದ್ದಾರೆ ಎನ್ನುವುದೇ ಆ ಬೆಲೆ ಬೊಗಳೆ ಎನ್ನುವುದಕ್ಕೆ ಮೊದಲ ಸಾಕ್ಷಿ. ಐದು ಲಕ್ಷಕ್ಕೆ ಗಿರಾಕಿ ಇದ್ದಿದ್ದರೆ ಆ ಜಾಹೀರಾತುಗಳು ಇಷ್ಟು ಹೊತ್ತಿಗೆ ಅಲ್ಲಿ ಇರುತ್ತಲೇ ಇರಲಿಲ್ಲ.

‘ಜನಕ್ಕೆ ದುರಾಸೆ’ ಎಂದು ಮಾತು ಮುಗಿಸುವವರಿದ್ದಾರೆ. ದುರಾಸೆ ಇದ್ದದ್ದೇ. ಆದರೆ ಮೊಬೈಲ್ ತೆರೆಯ ತುಂಬ ದುರಾಸೆಯವರೇ ಯಾಕೆ ಕಾಣುತ್ತಾರೆ ಎನ್ನುವುದಕ್ಕೆ ಅದು ಉತ್ತರವಲ್ಲ. ಉತ್ತರ ಇರುವುದು ಸರತಿ ಸಾಲಿನ ಗಣಿತದಲ್ಲಿ. ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಒಂದೇ ಸಾಲಿನದು: ಒಂದು ಜಾಗದಲ್ಲಿ ಸರಾಸರಿ ಎಷ್ಟು ಮಂದಿ ಇರುತ್ತಾರೋ ಅದು, ಗಂಟೆಗೆ ಎಷ್ಟು ಮಂದಿ ಬರುತ್ತಾರೋ ಅದನ್ನು ಒಬ್ಬೊಬ್ಬರು ಸರಾಸರಿ ತಂಗುವ ಹೊತ್ತಿನಿಂದ ಗುಣಿಸಿದಷ್ಟು. ಇಷ್ಟೇನಾ ಅನಿಸುತ್ತದೆ. ಯಾರು ಬರುತ್ತಾರೆ, ಯಾವ ಕ್ರಮದಲ್ಲಿ ಬರುತ್ತಾರೆ, ಒಟ್ಟಿಗೆ ನುಗ್ಗುತ್ತಾರೋ ಬಿಡಿಬಿಡಿಯಾಗಿ ಬರುತ್ತಾರೋ, ಯಾವುದನ್ನೂ ಈ ಸೂತ್ರ ಕೇಳುವುದಿಲ್ಲ. ಅದರ ಸೊಗಸು ಇರುವುದೇ ಅಲ್ಲಿ.

ಅದೇ ಹೋಟೆಲನ್ನು ತೆಗೆದುಕೊಳ್ಳಿ. ಗಂಟೆಗೆ 60 ಜನ ಬಂದು ಇಡ್ಲಿ ತಿಂದು ಹತ್ತೇ ನಿಮಿಷದಲ್ಲಿ ಎದ್ದು ಹೋಗುತ್ತಾರೆ ಅನ್ನೋಣ, ಲೋಕಲ್ ರೈಲು ಹಿಡಿಯಬೇಕಲ್ಲ. ಅಂದರೆ ಯಾವ ಹೊತ್ತಿಗೆ ನೋಡಿದರೂ ಇಡ್ಲಿಯವರು ಸುಮಾರು ಹತ್ತು ಜನ. ಜೊತೆಗೆ ಗಂಟೆಗೆ ಐದು ಜನ ಒಂದು ಕಟಿಂಗ್ ಚಹಾ ಹೇಳಿ, ಪೇಪರ್ ಬಿಡಿಸಿಕೊಂಡು ಮೂರು ಗಂಟೆ ಅಲ್ಲಾಡದೆ ಕೂರುತ್ತಾರೆ. ಅವರು ಹದಿನೈದು. ಬಾಗಿಲಲ್ಲಿ ಇಣುಕಿದವನಿಗೆ ಇದು ಪೇಪರ್ ಓದುವವರ ಹೋಟೆಲು ಅನಿಸುತ್ತದೆ. ಗಲ್ಲಾಪೆಟ್ಟಿಗೆಯ ಲೆಕ್ಕ ನೋಡಿದರೆ ಬಂದುಹೋದ ಹದಿಮೂರು ಜನರಲ್ಲಿ ಅಂಥವನು ಒಬ್ಬನೇ!

ಈಗ ನಾಣ್ಯ. ಅಂಕಿಗಳು ನನ್ನ ಕಲ್ಪನೆ, ತರ್ಕ ಲಿಟಲ್‌ನದು. ದಿನಕ್ಕೆ ಹತ್ತು ಜನ ತಮ್ಮ ನಾಣ್ಯಕ್ಕೆ 50 ರೂಪಾಯಿ ಹೇಳುತ್ತಾರೆ, ಎರಡು ದಿನದಲ್ಲಿ ಮಾರಾಟವಾಗಿ ಜಾಹೀರಾತು ಮಾಯ. ದಿನಕ್ಕೊಬ್ಬ ಮಾತ್ರ ಐದು ಲಕ್ಷ ಹೇಳುತ್ತಾನೆ, ಯಾರೂ ಕೊಳ್ಳುವುದಿಲ್ಲ, ಅವನ ಜಾಹೀರಾತು ನೂರು ದಿನ ನೇತಾಡುತ್ತದೆ. ತೆರೆಯ ಮೇಲೆ 50 ರೂಪಾಯಿಯವು ಇಪ್ಪತ್ತು, ಐದು ಲಕ್ಷದವು ನೂರು. ಹನ್ನೊಂದು ಜನರಲ್ಲಿ ಒಬ್ಬನ ತಲೆ ಕೆಟ್ಟರೆ ಸಾಕು, ಆರು ಜಾಹೀರಾತಿನಲ್ಲಿ ಐದು ಅವನಂಥವರವೇ. ಮಾರುಕಟ್ಟೆ ಎಂದು ನಾವು ನೋಡುತ್ತಿರುವುದು ಮಾರುಕಟ್ಟೆ ಬೇಡವೆಂದು ಬಿಟ್ಟದ್ದನ್ನು.

ಇಲ್ಲಿಗೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹೊಸದಾಗಿ ಮಾರಲು ಬಂದವನು ಬೆಲೆ ಗೊತ್ತುಮಾಡುವುದು ಅದೇ ತೆರೆ ನೋಡಿ. ಫೋಟೊ ತೆಗೆದು ಹಾಕಲು ಎರಡು ನಿಮಿಷ, ಖರ್ಚು ಸೊನ್ನೆ. ‘ಬಂದರೆ ಬರಲಿ’ ಎಂದು ಅವನೂ ಐದು ಲಕ್ಷ ಬರೆಯುತ್ತಾನೆ. ಸಂಖ್ಯೆಯೊಂದು ಕಣ್ಣಿಗೆ ಬಿದ್ದರೆ ಅಂದಾಜು ಅತ್ತ ಜಾರುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನಮನ್ 1974ರಲ್ಲೇ ಬರೆದರು. ಹತ್ತಕ್ಕೋ ಅರವತ್ತೈದಕ್ಕೋ ಮಾತ್ರ ನಿಲ್ಲುವಂತೆ ಮಾಡಿದ್ದ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. 10 ಕಂಡವರ ಉತ್ತರ 25ರ ಆಸುಪಾಸು, 65 ಕಂಡವರದು 45. ಮನೆ ದಲ್ಲಾಳಿಗಳಂಥ ಪಳಗಿದವರೂ ಹೇಳಿಕೆ ಬೆಲೆಯ ಸೆಳೆತಕ್ಕೆ ಸಿಗುತ್ತಾರೆಂದು 1987ರಲ್ಲಿ ಅಮೆರಿಕದ ಟೂಸಾನ್ ಊರಿನಲ್ಲಿ ನಡೆದ ಪ್ರಯೋಗ ತೋರಿಸಿತು. ಗಲ್ಲಾಪೆಟ್ಟಿಗೆಯ ಹುಡುಗನನ್ನು ದೂರಿ ಏನು ಮಾಡುವುದು?

ಹಾಗಾದರೆ ನಿಜವಾದ ಅಪರೂಪ ಯಾವುದು? ಹಳತಾದರೆ ಸಾಲದು. 1835ರ ಕಂಪನಿ ಸರ್ಕಾರದ ತಾಮ್ರದ ಕಾಲಾಣೆ ಇವತ್ತಿಗೂ ಬೇಕಾದಷ್ಟು ಸಿಗುತ್ತದೆ. ಅಪರೂಪ ಹುಟ್ಟುವುದು ಎಷ್ಟೋ ಸಲ ಎಡವಟ್ಟಿನಿಂದ. 1911ರಲ್ಲಿ ಐದನೇ ಜಾರ್ಜ್ ಮುಖದ ಬೆಳ್ಳಿ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲಿನ ಪದಕಸರದಲ್ಲಿ ಬೇಳೆಕಾಳಿನಷ್ಟು ಚಿಕ್ಕದೊಂದು ಆನೆ. ಸೊಂಡಿಲು ಎಷ್ಟು ಮೋಟೆಂದರೆ ಜನರಿಗೆ ಅದು ಹಂದಿಯಾಗಿ ಕಂಡಿತು. ದೊರೆಯ ಎದೆಯ ಮೇಲೆ ಹಂದಿ! ಗದ್ದಲವೆದ್ದು ಸರ್ಕಾರ ಹಿಂದೆಗೆಯಿತು. ಟಂಕಿಸಿದ್ದ ಸುಮಾರು 94 ಲಕ್ಷದಲ್ಲಿ ಹೊರಬಿದ್ದಿದ್ದು 7 ಲಕ್ಷದಷ್ಟು, ಮಿಕ್ಕದ್ದು ಕುಲುಮೆಗೆ ಹೋಯಿತು. ಮರುವರ್ಷದ ಆನೆಗೆ ಸೊಂಡಿಲು ಉದ್ದವಾಯಿತು. ಸಂಗ್ರಹಕಾರರು ಇಂದಿಗೂ ‘ಹಂದಿ ರೂಪಾಯಿ’ ಎಂದೇ ಹುಡುಕುತ್ತಾರೆ.

ಆದರೆ ಆ್ಯಪ್‌ನವರ ವರ್ಣನೆ ಬೇರೆಯೇ. ‘ಡೈಮಂಡ್ ಮಾರ್ಕ್, ಅತಿ ವಿರಳ’ ಎಂದು ಬರೆಯುತ್ತಾರೆ. ಇಸವಿಯ ಅಡಿಯಲ್ಲಿ ಪುಟ್ಟ ವಜ್ರದ ಗುರುತಿದ್ದರೆ ಆ ನಾಣ್ಯ ಇಲ್ಲೇ ಮುಂಬೈಯ ಫೋರ್ಟ್‌ನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿನ ಟಂಕಸಾಲೆಯಲ್ಲಿ ಆದದ್ದು ಎಂದರ್ಥ, ಅಷ್ಟೇ. ನಕ್ಷತ್ರ ಹೈದರಾಬಾದಿನದು, ಚುಕ್ಕಿ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇನ್ನು ನಿಜವಾಗಿ ಬೆಲೆಬಾಳುವ ಬೆಳ್ಳಿ ರೂಪಾಯಿಯನ್ನು ದೀಪಾವಳಿಯ ಲಕ್ಷ್ಮೀಪೂಜೆಗೆಂದು ವರ್ಷವರ್ಷವೂ ವಿಭೂತಿ ಹಚ್ಚಿ ಫಳಫಳ ಉಜ್ಜುವ ಮನೆಗಳಿವೆ. ಉಜ್ಜಿದಷ್ಟೂ ಮೇಲ್ಮೈಯ ಸೂಕ್ಷ್ಮ ಗೆರೆಗಳು ಸವೆಯುತ್ತವೆ, ಬೆಲೆಯೂ ಇಳಿಯುತ್ತದೆ.

ನನಗೆ ಚಿಂತೆ ಹತ್ತಿಸುವುದು ದೇವರ ಹೆಸರು ಸೇರಿದಾಗ. ದೇವಿಯ ನಾಣ್ಯ, ಮುಸ್ಲಿಮರು ಪವಿತ್ರವೆನ್ನುವ 786 ಅಂಕಿಯ ನೋಟು, ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆ. ಕಂಪನಿ ಅಂಥ ನಾಣ್ಯ ಹೊರಡಿಸಿದ್ದೇ ಇಲ್ಲ. ಅದನ್ನೇ ಹಿಡಿದು ‘ರೈಸ್ ಪುಲ್ಲಿಂಗ್’ ಎನ್ನುವವರಿದ್ದಾರೆ: ಸಿಡಿಲು ಬಡಿದು ಇರಿಡಿಯಮ್ ಎಂಬ ಲೋಹ ತುಂಬಿಕೊಂಡಿದೆ, ಅಕ್ಕಿಯನ್ನು ಎಳೆಯುತ್ತದೆ, ನಾಸಾದವರು ಕೋಟಿ ಕೊಡುತ್ತಾರೆ! ಸಿಡಿಲಿನಿಂದ ತಾಮ್ರ ಇರಿಡಿಯಮ್ ಆಗದು. ಇರಿಡಿಯಮ್ ಆದರೂ ಅಕ್ಕಿಯನ್ನು ಎಳೆಯದು. ಅಕ್ಕಿಗೆ ಕಬ್ಬಿಣದ ಪುಡಿ ಮೆತ್ತಿ, ಅಡಿಯಲ್ಲಿ ಅಯಸ್ಕಾಂತ ಅಡಗಿಸಿದರೆ ಮಾತ್ರ ಈ ಪವಾಡ.

ಮೋಸದ ದಿಕ್ಕನ್ನೂ ನಾವು ತಿರುಗುಮುರುಗು ತಿಳಿದಿದ್ದೇವೆ. ಐದು ಲಕ್ಷ ಕೊಟ್ಟು ಕೊಂಡು ಕೆಟ್ಟವರು ಎಲ್ಲಿದ್ದಾರೆ? ಬಲೆಗೆ ಬೀಳುವವನು ಮಾರಲು ಕೂತವನು. ಜಾಹೀರಾತು ಹಾಕಿದ ಮೇಲೆ ‘ಗಿರಾಕಿ’ಯ ಫೋನ್ ಬರುತ್ತದೆ, ಬೆಲೆಗೆ ತಕರಾರೇ ಇಲ್ಲ, ಮೊದಲು ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ ಸರ್ಟಿಫಿಕೇಟು. ಕಂಪ್ಯೂಟರ್ ವಿಜ್ಞಾನಿ ಕಾರ್ಮಾಕ್ ಹರ್ಲಿ ಕೋಟಿಗಟ್ಟಲೆ ಹಣದ ಆಸೆ ಹುಟ್ಟಿಸುವ ನೈಜೀರಿಯಾ ಈಮೇಲ್ ವಂಚನೆಯ ಬಗ್ಗೆ 2012ರಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ: ಕಥೆ ಅಸಂಬದ್ಧವಾಗಿದ್ದಷ್ಟೂ ವಂಚಕನಿಗೆ ಲಾಭ, ಏಕೆಂದರೆ ಅನುಮಾನದವರು ತಾವೇ ಜರಡಿಯಲ್ಲಿ ಸೋರಿಹೋಗಿ ನಂಬುವವರಷ್ಟೇ ಉಳಿಯುತ್ತಾರೆ. ನಾಣ್ಯದ ದಂಧೆಯಲ್ಲಿ ಜರಡಿ ಹಿಡಿಯುವ ಶ್ರಮವೂ ಇಲ್ಲ. ಐದು ರೂಪಾಯಿಗೆ ಐದು ಲಕ್ಷ ಬಂದೀತೆಂದು ನಂಬಿದವನು ಫೋನ್ ನಂಬರ್ ಸಮೇತ ತಾನಾಗಿಯೇ ಪಟ್ಟಿಯಲ್ಲಿ ನಿಂತಿರುತ್ತಾನೆ. ಹಳೇ ನೋಟು, ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ ಆಗಸ್ಟ್ 2021ರಲ್ಲಿ ಪ್ರಕಟಣೆಯನ್ನೇ ಹೊರಡಿಸಿತು.

ನಾಣ್ಯದ ಹರಾಜು ಸಂಸ್ಥೆಗಳ ಕ್ಯಾಟಲಾಗ್ ನೋಡಿದರೆ ಲಿಟಲ್‌ನ ಸೂತ್ರ ಮತ್ತೆ ಕೆಲಸಕ್ಕೆ ಬರುತ್ತದೆ. ಅಲ್ಲಿ ಎಲ್ಲ ನಾಣ್ಯಕ್ಕೂ ತಂಗುವ ಹೊತ್ತು ಒಂದೇ. ಹರಾಜಿನ ದಿನ ಮುಗಿದರೆ ಹೋದದ್ದು ಹೋಯಿತು, ಹೋಗದ್ದು ವಾಪಸ್. ನೇತಾಡಿಕೊಂಡು ತೆರೆ ತುಂಬಲು ಯಾವುದಕ್ಕೂ ಅವಕಾಶವಿಲ್ಲ. ಎಷ್ಟಕ್ಕೆ ಹೋಯಿತು ಎನ್ನುವ ಪಟ್ಟಿಯನ್ನೂ ಅನೇಕ ಸಂಸ್ಥೆಗಳು ಆಮೇಲೆ ಹಾಕುತ್ತವೆ. ಅದರಲ್ಲಿ ನಿಮ್ಮ ನಾಣ್ಯ ಹುಡುಕಿ, ಇಸವಿ ಮತ್ತು ಟಂಕಸಾಲೆಯ ಗುರುತು ಹೊಂದಿಸಿ, ಸವೆತ ಎಷ್ಟಿದೆಯೆಂದು ಭೂತಗನ್ನಡಿಯಲ್ಲಿ ನೋಡಿ. ಹೆಸರೇ ಕಾಣಿಸದಿದ್ದರೆ ಹೋಟೆಲಿನ ಬಿಲ್ಲಿಗೆ ಚಿಲ್ಲರೆಯಾಗಿ ಕೊಟ್ಟುಬಿಡಬಹುದು.