ಗೋವಾದ ಚಿರೆಕಲ್ಲು ಸುಟ್ಟ ಕಲ್ಲಲ್ಲ

ಮತ್ತೆ ಅದೇ ಪ್ರಶ್ನೆ: “ಸರ್, ಗೋವಾದಲ್ಲಿ ಮನೆ ಕಟ್ಟುವ ಕೆಂಪು ಚಿರೆಕಲ್ಲು ಲಾವಾ ಅಲ್ವಾ? ಮೈತುಂಬ ತೂತು, ಸುಟ್ಟ ಬಣ್ಣ ಬೇರೆ.”

ಅಲ್ಲ. ಕಳೆದ ಮಳೆಗಾಲದಲ್ಲೂ ಅಲ್ಲ ಅಂದಿದ್ದೆ. ಈಗಲೂ ಅಲ್ಲ.

ವಾಸ್ಕೋದಲ್ಲಿರುವ ನಮ್ಮವರಲ್ಲಿ ಎಷ್ಟೋ ಜನ ವಿಜಯಪುರ ಕಡೆಯವರು. ನಿಜವಾದ ಲಾವಾ ಕಲ್ಲನ್ನು ನೀವು ಊರಲ್ಲೇ ನೋಡಿದ್ದೀರಿ. ಗೋಳಗುಮ್ಮಟದ ಕರಿಕಲ್ಲು ಅದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಬಸಾಲ್ಟ್. ಅದೇನು ಕೆಂಪಗಿದೆಯಾ?

ತೂತಿನ ವಾದಕ್ಕೆ ಸ್ವಲ್ಪ ಬಲವಿದೆ. ಬಸಾಲ್ಟಿನಲ್ಲೂ ತೂತು ಇರುತ್ತವೆ, ಅನಿಲದ ಗುಳ್ಳೆ ಸಿಕ್ಕಿಕೊಂಡ ಜಾಗ. ಆದರೆ ಅವು ಬಹುತೇಕ ದುಂಡಗೆ, ಬಿಡಿಬಿಡಿಯಾಗಿ ಇರುತ್ತವೆ. ಪುಣೆ ಕಡೆ ಎಷ್ಟೋ ಗುಳ್ಳೆಗಳಲ್ಲಿ ಬಿಳಿ ಜಿಯೋಲೈಟ್ ಹರಳು ಬೆಳೆದಿರುತ್ತದೆ. ಚಿರೆಕಲ್ಲನ್ನು ಒಡೆದು ನೋಡಿ. ತೂತುಗಳು ಅಂಕುಡೊಂಕು, ಒಂದರೊಳಗೊಂದು ಸೇರಿಕೊಂಡಿವೆ, ಒಳಗೆ ಹಳದಿ ಜೇಡಿಮಣ್ಣು. ಆ ಮಣ್ಣು ತೊಳೆದುಹೋದ ಕಡೆಯೆಲ್ಲ ತೂತು.

ಇನ್ನೂ ಒಪ್ಪದವರಿಗೆ: ಗೋವಾದ ನೆಲದಡಿ ಬಹುಪಾಲು ಲಾವಾನೇ ಇಲ್ಲ. ಈಶಾನ್ಯದಲ್ಲಿ, ಸತ್ತರಿ ಕಡೆ ಸ್ವಲ್ಪ ಬಸಾಲ್ಟ್ ಇದೆ. ಉಳಿದದ್ದು ಅದಕ್ಕಿಂತ ತುಂಬಾ ಹಳೆಯ ಬಂಡೆ, ಅದರ ಮೇಲೂ ಕೆಂಪುಕಲ್ಲು ಕೂತಿದೆ. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ಈ ಕೆಂಪುಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಕೇರಳದ ಅಂಗಡಿಪುರಂನ ಕಲ್ಲು ನೋಡಿ. ಅಲ್ಲೆಲ್ಲಿಯ ಲಾವಾ? ಹೌದು, ಮಹಾರಾಷ್ಟ್ರದ ಪಂಚಗಣಿಯಲ್ಲಿ ಬಸಾಲ್ಟ್ ಮೇಲೆಯೇ ಕೆಂಪುಕಲ್ಲಿದೆ. ಅಲ್ಲೂ ಲಾವಾ ಬರೀ ಕಚ್ಚಾ ಮಾಲು. ಕೆಲಸ ಮಳೆಯದು.

ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇನ್ನೂ ಜಾಸ್ತಿ, ಇಂಗಾಲದ ಡೈಆಕ್ಸೈಡ್ ಹೀರಿ ತೆಳು ಆಮ್ಲವಾಗುತ್ತದೆ. ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಅನ್ನುವ ಖನಿಜವನ್ನು ಜೇಡಿಮಣ್ಣು ಮಾಡುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಮೊದಲು ಕರಗಿ ಹೋಗುತ್ತವೆ, ನಿಧಾನಕ್ಕೆ ಸಿಲಿಕಾ ಕೂಡ. ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದುಬಿಡುತ್ತವೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ನೀವು ಸುಟ್ಟದ್ದು ಅಂದುಕೊಂಡ ಕೆಂಪು ಅದೇ. ಇದಕ್ಕೆ ಗೋವಾದಂಥ ಮಳೆ ಬೇಕು, ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಆಮೇಲೆ ತಿಂಗಳುಗಟ್ಟಲೆ ಒಣ ಬಿಸಿಲು, ಅದೂ ಲಕ್ಷಾಂತರ ವರ್ಷ. ವಿಜಯಪುರದಲ್ಲಿ ಮಳೆ ಸಾಲದು. ಹಾಗಾಗಿ ಅಲ್ಲಿಯ ಬಸಾಲ್ಟ್ ಎರೆಮಣ್ಣಾಯಿತು.

ಹೀಗೆ ನೀರು ಬಂಡೆಯನ್ನು ಕರಗಿಸಿ ಬದಲಿಸುವುದು ರಾಸಾಯನಿಕ ಶಿಥಿಲೀಕರಣ. ಬಂಡೆ ಬರೀ ಬಿರುಕು ಬಿಟ್ಟು ಒಡೆಯುವುದು ಭೌತಿಕ ಶಿಥಿಲೀಕರಣ. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ಮರದ ಬೇರು ಮತ್ತು ಸಮುದ್ರದ ಉಪ್ಪಿನ ಹರಳು ಆ ಕೆಲಸ ಮಾಡುತ್ತವೆ. ಒಡೆದರೆ ಆಮ್ಲಕ್ಕೆ ಅನುಕೂಲ. ಒಂದು ಮೀಟರಿನ ಘನಕ್ಕೆ 6 ಚದರ ಮೀಟರ್ ಮೈ. ಅದನ್ನೇ 10 ಸೆಂಟಿಮೀಟರಿನ ತುಂಡು ಮಾಡಿದರೆ 60.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೆ ಗೋವಾದ ಬೋಮ್ ಜೀಸಸ್ ಬೆಸಿಲಿಕಾ 1605ರದ್ದು. ಅದರ ಹೊರಗೋಡೆಗಳ ಗಾರೆಯನ್ನು 1950ರ ದಶಕದಲ್ಲಿ ಕೆರೆದು ತೆಗೆದರು. ಫೋಟೋದಲ್ಲಿ ಬರಿಗಲ್ಲು ಚೆಂದ ಕಾಣುತ್ತದೆ, ನಿಜ. ಕಡಿದ ಚಿರೆಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ ಅನ್ನುವುದೂ ನಿಜ. ಆದರೆ ಮಳೆನೀರು ತೂತಿಗಿಳಿದು ಉಳಿದ ಜೇಡಿಯನ್ನೂ ಕೀಳುತ್ತದೆ, ಗೋಡೆ ಉದುರುತ್ತದೆ. ಹಳಬರು ಗಾರೆ ಹಚ್ಚಿದ್ದು ಸುಮ್ನೆ ಅಂದಕ್ಕಲ್ಲ. ನಿಮ್ಮದೂ ಹಳೆ ಚಿರೆಕಲ್ಲಿನ ಮನೆಯಾದರೆ ಮಳೆ ಬಡಿಯುವ ಗೋಡೆಗೆ ಸುಣ್ಣದ ಗಾರೆ ಹಚ್ಚಿಸಿ. ಸಿಮೆಂಟ್ ಬೇಡ. ಅದು ಒಳಗಿನ ತೇವವನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ.